ತರಬೇತಿಯ ಹಣ ತರಗತಿಯನ್ನು ಮುಟ್ಟಲಿ



ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಶಿಕ್ಷಕರೊಬ್ಬರ ಸ್ಮರಣೆಗೆ ಅವರ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ತಂದೆಯ ಹೆಸರಿನಲ್ಲಿ ತೆಗೆದಿಟ್ಟ ಹಣ ಶಿಕ್ಷಣದ ಕೆಲಸಕ್ಕೇ ಸಲ್ಲಬೇಕೆಂದು ಅವರು ಬಯಸಿದ್ದಾರೆ. ಇದೇ ಬಯಕೆಯನ್ನು ನಾವು ಸರ್ಕಾರದ ಹಣದ ಬಗ್ಗೆಯೂ ಇಟ್ಟುಕೊಳ್ಳಬೇಕು. ಆದಾಯ ತೆರಿಗೆ ಕಟ್ಟುವವರು ತೆರಿಗೆಯ ಮೇಲೆ 4% ಆರೋಗ್ಯ ಮತ್ತು ಶಿಕ್ಷಣ ಸೆಸ್ ಕೊಡುತ್ತಾರೆ. ತೆರಿಗೆ ಕಟ್ಟುವಷ್ಟು ಆದಾಯವಿಲ್ಲದವರು ಕೊಂಡುಕೊಳ್ಳುವ ಹಲವು ವಸ್ತುಗಳ ಬೆಲೆಯಲ್ಲಿ ತಮ್ಮ ಪಾಲು ಸಲ್ಲಿಸುತ್ತಾರೆ. ಈ ಹಣದಲ್ಲಿ ಒಂದು ಭಾಗ ಶಿಕ್ಷಕರನ್ನು ತಯಾರು ಮಾಡುವುದಕ್ಕೆ, ಸೇವೆಯಲ್ಲಿರುವ ಶಿಕ್ಷಕರಿಗೆ ತರಬೇತಿ ಕೊಡುವುದಕ್ಕೆ ಹೋಗುತ್ತದೆ. ಅದು ಎಲ್ಲಿಯವರೆಗೆ ಹೋಗಿ ಮುಟ್ಟುತ್ತದೆ? ಎಲ್ಲಿ ನಿಂತುಬಿಡುತ್ತದೆ? ಇವತ್ತಿನ ಮಾತು ಇದರ ಬಗ್ಗೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ತರಬೇತಿ ನಡೆಯಿತೇ ಎಂಬುದಕ್ಕೆ ನಮ್ಮಲ್ಲಿ ಲೆಕ್ಕವಿದೆ, ದಾಖಲೆಯಿದೆ, ಆಡಿಟ್ ಇದೆ. ತರಬೇತಿ ಪಡೆದ ಶಿಕ್ಷಕಿ ಶಾಲೆಗೆ ಮರಳಿ ಏನು ಮಾಡಿದರು, ಎಲ್ಲಿ ತೊಡಕಾಯಿತು, ಆಗ ಯಾರು ನೆರವಿಗೆ ಬಂದರು ಎಂಬುದನ್ನು ಹೋಗಿ ನೋಡುವ ವ್ಯವಸ್ಥೆ ಮಾತ್ರ ಬಡಕಲಾಗಿದೆ. ಗುಣಮಟ್ಟದ ಮೇಲ್ವಿಚಾರಣೆ ಎಂದರೆ ಈ ಹೋಗಿ ನೋಡುವ ಕೆಲಸವೇ. ಹಣವನ್ನೂ ಹುದ್ದೆಯನ್ನೂ ಸಮಯವನ್ನೂ ಅದಕ್ಕೆ ಕೊಡದ ಹೊರತು ಉಳಿದ ಖರ್ಚು ಫಲ ಕೊಡಲಾರದು.

ಹಳೆಯ ಪಾಠ

ಧಾರವಾಡದಲ್ಲಿ ನಿಂತು ಈ ವಿಷಯ ಮಾತಾಡುವಾಗ ಇತಿಹಾಸವನ್ನು ಬಿಟ್ಟು ಮುಂದೆ ಹೋಗಲಾಗದು. 1854ರ ವುಡ್ ಶಿಕ್ಷಣ ಸುತ್ತೋಲೆ ಪ್ರತಿ ಪ್ರಾಂತ್ಯದಲ್ಲೂ ಶಿಕ್ಷಕರ ತರಬೇತಿ ಶಾಲೆಗಳು ಬೇಕು, ಕಲಿಯಲು ಬರುವವರಿಗೆ ವಿದ್ಯಾರ್ಥಿವೇತನ ಬೇಕು ಎಂದಿತು. ಶಾಲೆಗಳಿಗೆ ಸಹಾಯಧನ ಕೊಡಬೇಕು, ಹಣ ಪಡೆದ ಶಾಲೆ ತಪಾಸಣೆಗೆ ಒಳಪಡಬೇಕು ಎಂದೂ ಹೇಳಿತು. ಸರ್ಕಾರದ ಹಣ ಮತ್ತು ಸರ್ಕಾರದ ಕಣ್ಣು, ಎರಡೂ ಹೀಗೆ ಒಟ್ಟಿಗೇ ಶಾಲೆಯೊಳಗೆ ಬಂದವು.

ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಈ ಊರಿನಲ್ಲಿ ಕನ್ನಡ ಶಿಕ್ಷಕರಿಗಾಗಿ ನಾರ್ಮಲ್ ಸ್ಕೂಲ್ ಎಂಬ ತರಬೇತಿ ಶಾಲೆ ಆರಂಭವಾಯಿತು. ಡೆಪ್ಯುಟಿ ಚನ್ನಬಸಪ್ಪನವರು ಅದರ ಮುಖ್ಯಸ್ಥರಾಗಿ ದುಡಿದರು. 1865ರಲ್ಲಿ ಶಿಕ್ಷಕರಿಗಾಗಿ ‘ಮಠಪತ್ರಿಕೆ’ ಹೊರಟಿತು. ಅದೇ ಪರಂಪರೆ ‘ಜೀವನ ಶಿಕ್ಷಣ’ ಎಂಬ ಹೆಸರಿನಲ್ಲಿ ಧಾರವಾಡದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ, ಅಂದರೆ ಡಯಟ್‌ನಿಂದ ಮುಂದುವರಿದು ಬಂದಿದೆ. ಶಿಕ್ಷಕರು ಕಲಿತು ಹೋದ ಮೇಲೆ ಅವರನ್ನು ಕೈಬಿಡಬಾರದು, ಹಳ್ಳಿಯಲ್ಲಿ ಒಂಟಿಯಾಗಿ ಪಾಠ ಹೇಳುವವರಿಗೂ ತಿಂಗಳಿಗೊಮ್ಮೆ ಏನಾದರೂ ತಲುಪಬೇಕು ಎಂಬ ತಿಳಿವು ನಮ್ಮ ಹಿರಿಯರಿಗೆ ಅಷ್ಟು ಹಿಂದೆಯೇ ಇತ್ತು.

ಅದೇ ಕಾಲದಲ್ಲಿ ಇನ್ನೊಂದು ಪದ್ಧತಿಯೂ ಬಂತು. ಇನ್‌ಸ್ಪೆಕ್ಟರು ಶಾಲೆಗೆ ಬಂದು ಒಬ್ಬೊಬ್ಬ ಮಗುವನ್ನೂ ಓದು, ಬರಹ, ಲೆಕ್ಕದಲ್ಲಿ ಪರೀಕ್ಷಿಸುವುದು; ಎಷ್ಟು ಮಕ್ಕಳು ಪಾಸೋ ಅಷ್ಟು ಸಹಾಯಧನ ಕೊಡುವುದು. ಫಲಿತಾಂಶಕ್ಕೆ ತಕ್ಕ ಪಾವತಿ ಎನ್ನುವ ಈ ಕ್ರಮ ಇಂಗ್ಲೆಂಡಿನಲ್ಲಿ 1862ರಲ್ಲಿ ಜಾರಿಯಾಗಿ, ಮುಂಬಯಿ ಮತ್ತು ಮದರಾಸು ಪ್ರಾಂತ್ಯಗಳಿಗೂ ಬಂತು. 1882ರ ಹಂಟರ್ ಆಯೋಗ ಪ್ರಾಥಮಿಕ ಶಾಲೆಗಳಿಗೆ ಅದನ್ನು ಒಪ್ಪಿಕೊಂಡಿತು. ಮೇಲ್ನೋಟಕ್ಕೆ ಇದು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಶಿಕ್ಷಕರು ಮಾಡಿದ್ದೇನು? ಇನ್‌ಸ್ಪೆಕ್ಟರು ಕೇಳುವ ಪಾಠವನ್ನು ಬಾಯಿಪಾಠ ಮಾಡಿಸಿದರು. ಕೇಳದ್ದನ್ನು ಬಿಟ್ಟರು. ಇಂಗ್ಲೆಂಡಿನಲ್ಲಿ ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ತನ್ನ ಇಲಾಖೆಗೆ ಬರೆದ ವರದಿಗಳಲ್ಲೇ ಈ ಪದ್ಧತಿಯನ್ನು ವಿರೋಧಿಸಿದ. ನಮ್ಮಲ್ಲಿ ಕರ್ಜನ್ ಕಾಲದ 1904ರ ಶಿಕ್ಷಣ ನಿರ್ಣಯ ಅದನ್ನು ಕೈಬಿಟ್ಟಿತು.

ಈ ಅನುಭವ ನಮಗೆ ಇಂದಿಗೂ ಬೇಕು. ಸರ್ಕಾರ ಯಾವುದನ್ನು ಎಣಿಸುತ್ತದೋ ಶಾಲೆ ಅದನ್ನೇ ಬೆಳೆಸುತ್ತದೆ. ಆದ್ದರಿಂದ ಎಣಿಸುವ ಮುನ್ನ ಯಾವುದನ್ನು ಎಣಿಸಬೇಕೆಂದು ಯೋಚಿಸಬೇಕು.

ಬಾಗಿಲಲ್ಲೇ ನಿಂತ ತಪಾಸಣೆ

ಸ್ವಾತಂತ್ರ್ಯಾನಂತರ ಕೊಠಾರಿ ಆಯೋಗ (1964-66) ಶಿಕ್ಷಕರ ಶಿಕ್ಷಣದ ಮೂಲ ರೋಗವನ್ನು ಗುರುತಿಸಿತು. ತರಬೇತಿ ಸಂಸ್ಥೆಗಳು ವಿಶ್ವವಿದ್ಯಾಲಯದಿಂದ ದೂರ, ಶಾಲೆಗಳಿಂದ ದೂರ, ತಮ್ಮತಮ್ಮಲ್ಲೂ ದೂರ ಎಂದಿತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಿಗೆ 1987ರಲ್ಲಿ ಕೇಂದ್ರ ಪುರಸ್ಕೃತ ಯೋಜನೆಯೊಂದು ಬಂದು ಜಿಲ್ಲೆಗೊಂದು ಡಯಟ್ ಹುಟ್ಟಿತು. ಸೇವಾಪೂರ್ವ ಶಿಕ್ಷಣ, ಸೇವಾನಿರತ ತರಬೇತಿ, ಪಠ್ಯ ಮತ್ತು ಮೌಲ್ಯಮಾಪನ, ತಂತ್ರಜ್ಞಾನ, ಯೋಜನೆ ಹೀಗೆ ಏಳು ವಿಭಾಗಗಳ ಕಲ್ಪನೆ ಅದಕ್ಕಿತ್ತು. ಜಿಲ್ಲೆಯ ಶಾಲೆಗಳನ್ನು ಬಲ್ಲ, ಅವುಗಳ ನಡುವೆ ಓಡಾಡುವ, ಸಂಶೋಧನೆ ಮಾಡುವ ಸಂಸ್ಥೆ ಅದಾಗಬೇಕಿತ್ತು. ಕಲ್ಪನೆ ದೊಡ್ಡದು. ಇಂದಿಗೂ ಅದಕ್ಕಿಂತ ಒಳ್ಳೆಯದು ನಮ್ಮ ಬಳಿ ಇಲ್ಲ.

ಇನ್ನೊಂದು ಕಡೆ ಮೇಲ್ವಿಚಾರಣೆಯ ವ್ಯವಸ್ಥೆ ರೂಪುಗೊಂಡಿತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್‌ಸಿಟಿಇ, 1973ರಿಂದ ಸಲಹಾ ಮಂಡಳಿಯಾಗಿತ್ತು. 1993ರ ಕಾಯ್ದೆಯಿಂದ ಅದು ಶಾಸನಬದ್ಧವಾಗಿ 1995ರಲ್ಲಿ ಕೆಲಸ ಶುರು ಮಾಡಿತು. ಡಿ.ಇಡಿ., ಬಿ.ಇಡಿ. ಕಾಲೇಜು ತೆರೆಯಲು ಅದರ ಮಾನ್ಯತೆ ಬೇಕು. ಮಾನ್ಯತೆಗೆ ನೋಡುವುದೇನು? 2014ರ ನಿಯಮಾವಳಿಯಂತೆ ಬಿ.ಇಡಿ. ಕಾಲೇಜಿಗೆ 2500 ಚದರ ಮೀಟರ್ ಜಾಗ, ಅದರಲ್ಲಿ 1500 ಚದರ ಮೀಟರ್ ಕಟ್ಟಡ, ಮೂಲನಿಧಿ, ಮೀಸಲು ನಿಧಿ ಸೇರಿ 12 ಲಕ್ಷ ರೂಪಾಯಿ, ಗ್ರಂಥಾಲಯ, ಪ್ರಯೋಗಾಲಯ, ಬೋಧಕರ ಪಟ್ಟಿ. ಇವು ಬೇಕು, ಒಪ್ಪೋಣ. ಆದರೆ ಇವೆಲ್ಲ ಬಾಗಿಲಲ್ಲಿ ನಿಂತು ನೋಡುವ ಸಂಗತಿಗಳು. ಒಳಗೆ ವರ್ಷವಿಡೀ ಏನು ಕಲಿಸಿದರು ಎಂಬುದು ಇವುಗಳಿಂದ ತಿಳಿಯದು.

ಪರಿಣಾಮ ಏನಾಯಿತೆಂದು ನಾವೆಲ್ಲ ಕಂಡಿದ್ದೇವೆ. ಮಹಾರಾಷ್ಟ್ರದ 291 ಡಿ.ಇಡಿ. ಸಂಸ್ಥೆಗಳ ಮಾನ್ಯತೆಯ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಕೋರ್ಟು 2011ರಲ್ಲಿ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿತು. 2012ರಲ್ಲಿ ಬಂದ ವರದಿ ಇಡೀ ದೇಶದ ಚಿತ್ರವನ್ನು ಮುಂದಿಟ್ಟಿತು. ಶಿಕ್ಷಕರನ್ನು ತಯಾರು ಮಾಡುವ ಸಂಸ್ಥೆಗಳಲ್ಲಿ ಸುಮಾರು 90% ಖಾಸಗಿಯವರ ಕೈಯಲ್ಲಿವೆ, ಸರ್ಕಾರ ಈ ಕ್ಷೇತ್ರದಲ್ಲಿ ಹಣ ಹೂಡಿ ತನ್ನ ಸಂಸ್ಥೆಗಳನ್ನು ಹೆಚ್ಚಿಸಬೇಕು ಎಂದಿತು. ಪ್ರತಿ ತರಬೇತಿ ಸಂಸ್ಥೆಗೂ ಪ್ರಯೋಗಶಾಲೆಯಂತೆ ಒಂದು ಶಾಲೆ ಹೊಂದಿಕೊಂಡಿರಬೇಕು ಎಂದು ಸೂಚಿಸಿತು. ಹತ್ತು ಸಾವಿರಕ್ಕೂ ಹೆಚ್ಚಿರುವ ಬಿಡಿ ಸಂಸ್ಥೆಗಳಲ್ಲಿ ಬಹುಪಾಲು ಗಂಭೀರ ಶಿಕ್ಷಣಕ್ಕೆ ಪ್ರಯತ್ನಿಸದೆ ಪದವಿ ಮಾರುತ್ತಿವೆ ಎಂಬ ಮಾತನ್ನು 2020ರ ರಾಷ್ಟ್ರೀಯ ಶಿಕ್ಷಣ ನೀತಿ ವರ್ಮಾ ಆಯೋಗದ ಹೆಸರಿನಲ್ಲೇ ದಾಖಲಿಸಿದೆ. ಸರ್ಕಾರದ ನೀತಿಪತ್ರವೇ ಹೀಗೆ ಬರೆಯಬೇಕಾಗಿ ಬಂದದ್ದು ನೋವಿನ ಸಂಗತಿ.

ಇದಾದ ಮೇಲೆ ಸುಧಾರಣೆಗಳು ಬಂದವು. ಬಿ.ಇಡಿ. 2015-16ರಿಂದ ಎರಡು ವರ್ಷದ್ದಾಯಿತು. ಅದರಲ್ಲಿ 20 ವಾರ ಶಾಲೆಯಲ್ಲೇ ಇದ್ದು ಕಲಿಯುವ ಇಂಟರ್ನ್‌ಶಿಪ್ ಸೇರಿತು. 2023-24ರಿಂದ ನಾಲ್ಕು ವರ್ಷದ ಸಮಗ್ರ ಕೋರ್ಸು ಕೆಲವು ಸಂಸ್ಥೆಗಳಲ್ಲಿ ಆರಂಭವಾಗಿದೆ. ಸಂಸ್ಥೆಗಳು ವರ್ಷವರ್ಷ ಕಾರ್ಯನಿರ್ವಹಣಾ ವರದಿ ಸಲ್ಲಿಸಬೇಕೆಂಬ ನಿಯಮವೂ ಬಂದು, ಸಲ್ಲಿಸದವುಗಳ ಮೇಲೆ ಎನ್‌ಸಿಟಿಇ ಕ್ರಮ ಕೈಗೊಂಡಿದೆ. ಇವು ಸ್ವಾಗತಾರ್ಹ. ಆದರೆ 20 ವಾರದ ಇಂಟರ್ನ್‌ಶಿಪ್‌ಗೆ ಬಲ ಬರುವುದು ಯಾವಾಗ? ಪ್ರಶಿಕ್ಷಣಾರ್ಥಿ ಪಾಠ ಮಾಡುವಾಗ ಕಾಲೇಜಿನ ಬೋಧಕರು ಹಿಂದಿನ ಬೆಂಚಿನಲ್ಲಿ ಕೂತು ನೋಡಿದಾಗ. ಪಾಠ ಮುಗಿದ ಮೇಲೆ ಶಾಲೆಯ ಅನುಭವಿ ಶಿಕ್ಷಕರ ಜೊತೆ ಮೂವರೂ ಕೂತು ಮಾತಾಡಿದಾಗ. ಬೋಧಕರ ಹುದ್ದೆ ಖಾಲಿ ಇದ್ದರೆ, ಪ್ರಯಾಣ ಭತ್ಯೆ ಇಲ್ಲದಿದ್ದರೆ, ಶಾಲೆಯ ಶಿಕ್ಷಕರಿಗೆ ಈ ಕೆಲಸಕ್ಕೆ ಬಿಡುವು ಕೊಡದಿದ್ದರೆ ಅದು ಹಾಜರಾತಿ ಪುಸ್ತಕದ ಸಹಿಯಲ್ಲಿ ಮುಗಿದುಹೋಗುತ್ತದೆ.

ಅರ್ಹತೆಯನ್ನು ಪರೀಕ್ಷೆಯಿಂದ ಅಳೆಯುವ ದಾರಿಯೂ ಗಟ್ಟಿಯಾಗುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಶಿಕ್ಷಕರ ಅರ್ಹತಾ ಪರೀಕ್ಷೆ, ಅಂದರೆ ಟಿಇಟಿ ಬಂತು. ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಉಳಿದಿರುವ ಸೇವಾನಿರತ ಶಿಕ್ಷಕರೂ ಅದನ್ನು ಎರಡು ವರ್ಷದೊಳಗೆ ಪಾಸು ಮಾಡಬೇಕೆಂದು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ತೀರ್ಪು ನೀಡಿತು. ಪರೀಕ್ಷೆ ಒಂದು ಕನಿಷ್ಠ ಮಟ್ಟವನ್ನು ತೋರಿಸುತ್ತದೆ. ಆ ಮಟ್ಟದಿಂದ ಮೇಲಕ್ಕೆ ಏರಿಸುವ ಶಕ್ತಿ ಅದಕ್ಕಿಲ್ಲ. ಅದು ಜೊತೆಗಿದ್ದು ಕಲಿಸುವವರಿಂದ ಆಗಬೇಕಾದ ಕೆಲಸ.

ಹಾಜರಾತಿ ಪಟ್ಟಿಯಲ್ಲಿ ಮುಗಿಯುವ ತರಬೇತಿ

ಈಗ ಸೇವಾನಿರತ ತರಬೇತಿಗೆ ಬರೋಣ. ಸರ್ವ ಶಿಕ್ಷಾ ಅಭಿಯಾನ ಆರಂಭವಾದಾಗ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 20 ದಿನದ ತರಬೇತಿ, ದಿನವೊಂದಕ್ಕೆ 70 ರೂಪಾಯಿ ಎಂಬ ಮಾನದಂಡವಿತ್ತು. ಗಮನಿಸಿ: ಮಾನದಂಡ ಇದ್ದದ್ದು ದಿನಕ್ಕೆ ಮತ್ತು ತಲೆಗೆ. ದರ ಬದಲಾಯಿತು, ಯೋಜನೆಯ ಹೆಸರು ಬದಲಾಯಿತು, ಎಣಿಕೆಯ ಈ ಮನೋಧರ್ಮ ಬದಲಾಗಲಿಲ್ಲ. 2018-19ರಲ್ಲಿ ಸರ್ವ ಶಿಕ್ಷಾ, ಮಾಧ್ಯಮಿಕ ಶಿಕ್ಷಾ ಮತ್ತು ಶಿಕ್ಷಕರ ಶಿಕ್ಷಣ ಯೋಜನೆಗಳು ಸಮಗ್ರ ಶಿಕ್ಷಣದಲ್ಲಿ ಒಂದಾದವು. ಕೇಂದ್ರ 60, ರಾಜ್ಯ 40 ಎಂಬ ಪಾಲು. ಈಶಾನ್ಯ ಮತ್ತು ಹಿಮಾಲಯದ ರಾಜ್ಯಗಳಿಗೆ 90:10. ಜಿಲ್ಲೆಯಿಂದ ವಾರ್ಷಿಕ ಕ್ರಿಯಾಯೋಜನೆ ಹೋಗಿ, ರಾಜ್ಯದಲ್ಲಿ ಕ್ರೋಡೀಕರಣಗೊಂಡು, ದೆಹಲಿಯ ಯೋಜನಾ ಅನುಮೋದನಾ ಮಂಡಳಿಯಲ್ಲಿ ಒಪ್ಪಿಗೆ ಪಡೆದು, ಕಂತುಗಳಲ್ಲಿ ಹಣ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋದರೇ ಮುಂದಿನ ಕಂತು.

ನಮ್ಮ ಶಾಲೆ ಮೇ ಕೊನೆಗೆ, ಜೂನ್ ಮೊದಲಿಗೆ ತೆರೆಯುತ್ತದೆ. ಹಣ ತಡವಾದರೆ ತರಬೇತಿಗಳು ವರ್ಷದ ಕೊನೆಯಲ್ಲಿ ಗುಂಪುಗೂಡುತ್ತವೆ. ಮಾರ್ಚ್ 31ರೊಳಗೆ ಖರ್ಚಾಗಬೇಕು. ಪರೀಕ್ಷೆಯ ಸಿದ್ಧತೆಯ ಹೊತ್ತಿನಲ್ಲಿ ಶಿಕ್ಷಕರು ಬ್ಲಾಕ್ ಸಂಪನ್ಮೂಲ ಕೇಂದ್ರಕ್ಕೆ ಓಡುತ್ತಾರೆ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ತರಬೇತಿಗೆ ಹೋದರೆ ಐದು ತರಗತಿ ಇನ್ನೊಬ್ಬರ ತಲೆಗೆ. ಇತ್ತ ತರಬೇತಿಯ ಸರಪಳಿಯೂ ಉದ್ದ. ರಾಜ್ಯದಲ್ಲಿ ಸಂಪನ್ಮೂಲ ವ್ಯಕ್ತಿಗಳು ಕಲಿತದ್ದು ಜಿಲ್ಲೆಗೆ, ಅಲ್ಲಿಂದ ಬ್ಲಾಕಿಗೆ, ಅಲ್ಲಿಂದ ಶಿಕ್ಷಕರಿಗೆ ಬರುವಷ್ಟರಲ್ಲಿ ಚರ್ಚೆ ಸೋರಿಹೋಗಿ ಪಿಪಿಟಿ ಉಳಿಯುತ್ತದೆ. 2019ರಲ್ಲಿ ಸುಮಾರು 42 ಲಕ್ಷ ಶಿಕ್ಷಕರನ್ನು ಗುರಿಯಾಗಿಟ್ಟುಕೊಂಡ ನಿಷ್ಠಾ ತರಬೇತಿ ಕಾರ್ಯಕ್ರಮ, ಕೋವಿಡ್ ಬಂದ ಮೇಲೆ ದೀಕ್ಷಾ ಎಂಬ ಆನ್‌ಲೈನ್ ವೇದಿಕೆಗೆ ಹೋಯಿತು. ದೂರದ ಶಾಲೆಯ ಶಿಕ್ಷಕರಿಗೂ ಒಳ್ಳೆಯ ಪಾಠ ಮೊಬೈಲಿನಲ್ಲಿ ಸಿಕ್ಕಿತು. ಇದು ಸಣ್ಣ ಲಾಭವಲ್ಲ. ಆದರೆ ಕೋರ್ಸು ಮುಗಿಸಿದ ಪ್ರಮಾಣಪತ್ರವೇ ಗುಣಮಟ್ಟದ ಸಾಕ್ಷಿಯಾಗಲಾರದು. ಬಿತ್ತಿದವರು ಮೊಳಕೆ ನೋಡಲು ಹೊಲಕ್ಕೆ ಹೋಗದೆ ಬೀಜದಂಗಡಿಯ ರಸೀದಿ ಜೋಪಾನ ಮಾಡಿದಂತೆ ಆಗುತ್ತದೆ ಅದು.

ಹೋಗಿ ನೋಡುವುದು ಎಂದರೆ ಏನು ಎಂಬುದಕ್ಕೆ ನಾನು ಕಂಡ ಒಂದು ತರಗತಿಯನ್ನು ಹೇಳುತ್ತೇನೆ. ಮೂರನೇ ತರಗತಿ. ಕಳೆಯುವ ಲೆಕ್ಕ. ಶಿಕ್ಷಕಿ ಗಣಿತದ ತರಬೇತಿ ಮುಗಿಸಿ ಬಂದಿದ್ದರು. ಹತ್ತತ್ತು ಕಡ್ಡಿಗಳ ಕಟ್ಟುಗಳನ್ನು ತಾವೇ ಮಾಡಿ ತಂದಿದ್ದರು. ಬೋರ್ಡಿನ ಮೇಲೆ 52ರಲ್ಲಿ 17 ಕಳೆಯಿರಿ ಎಂದು ಬರೆದರು. ಐದು ಕಟ್ಟು, ಎರಡು ಬಿಡಿ ಕಡ್ಡಿ ಎತ್ತಿ ತೋರಿಸಿದರು. ಮಕ್ಕಳು ಬರೆದರು. ಹಲವರ ಉತ್ತರ 45. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಒಂದು ಹೋದರೆ ನಾಲ್ಕು. ದೊಡ್ಡದರಿಂದ ಸಣ್ಣದನ್ನು ಕಳೆಯುವುದನ್ನೇ ಅವರು ನಿಯಮ ಮಾಡಿಕೊಂಡಿದ್ದರು. ಒಬ್ಬ ಹುಡುಗ ಮಾತ್ರ ಬರೆಯದೆ ಕೂತು ಕೇಳಿದ: “ಅಕ್ಕಾರೀ, ಎರಡರಾಗ ಏಳು ಹ್ಯಾಂಗ ಕಳೀಬೇಕ್ರಿ?”

ಹಿಂದೆ ಕೂತಿದ್ದ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿಆರ್‌ಪಿ ಎದ್ದು ಹೋಗಿ ಶಿಕ್ಷಕಿಗೆ ಮೆಲ್ಲಗೆ ಹೇಳಿದರು: “ಮೇಡಂ, ಕಟ್ಟು ಅವನ ಕೈಯಾಗ ಕೊಡ್ರಿ. ಅವನ ಬಿಚ್ಚಲಿ.” ಹುಡುಗ ಒಂದು ಕಟ್ಟು ಬಿಚ್ಚಿದ. ಬಿಡಿ ಕಡ್ಡಿ ಹನ್ನೆರಡಾದವು, ಕಟ್ಟು ನಾಲ್ಕಾದವು. ಹನ್ನೆರಡರಲ್ಲಿ ಏಳು ತೆಗೆದ, ನಾಲ್ಕು ಕಟ್ಟಿನಲ್ಲಿ ಒಂದು ತೆಗೆದ. ಮೂರು ಕಟ್ಟು, ಐದು ಕಡ್ಡಿ. 35. ಅವನ ಸುತ್ತ ಮಕ್ಕಳು ಮುತ್ತಿಕೊಂಡು ತಮ್ಮ ಉತ್ತರಗಳನ್ನು ಅಳಿಸತೊಡಗಿದರು.

ಇಂಥ ಭೇಟಿಯ ನಮೂನೆಯಲ್ಲಿ ಕೇಳುವುದು ಬೋಧನೋಪಕರಣ ಬಳಕೆಯಾಗಿದೆಯೇ, ಹೌದೋ ಇಲ್ಲವೋ ಎಂದು. ಕಡ್ಡಿಗಳು ಶಿಕ್ಷಕಿಯ ಕೈಯಲ್ಲಿದ್ದಾಗಲೂ ಉತ್ತರ ಹೌದು, ಹುಡುಗನ ಕೈಗೆ ಬಂದ ಮೇಲೂ ಹೌದು. ಮಕ್ಕಳ ಕಲಿಕೆ ಇದ್ದದ್ದು ಆ ಎರಡರ ನಡುವಿನ ವ್ಯತ್ಯಾಸದಲ್ಲಿ. ತರಬೇತಿ ವ್ಯರ್ಥವಾಗಿರಲಿಲ್ಲ, ಶಿಕ್ಷಕಿ ಶ್ರದ್ಧೆಯಿಂದ ತಯಾರಾಗಿ ಬಂದಿದ್ದರು. ಕೊನೆಯ ಒಂದು ಹೆಜ್ಜೆಗೆ ಪಕ್ಕದಲ್ಲಿ ಒಬ್ಬರು ಬೇಕಿತ್ತು.

ನಮ್ಮಲ್ಲೇ ಆದದ್ದು

ಹೀಗೆ ಹೋಗಿ ನೋಡಿ ನೆರವಾಗುವುದು ಆಗದ ಕೆಲಸ ಎನ್ನುವವರಿಗೆ ನಲಿ-ಕಲಿ ಎಂಬ ಕಲಿಕಾ ಪದ್ಧತಿಯನ್ನು ನೆನಪಿಸುತ್ತೇನೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಅದು ಶುರುವಾಯಿತು. ಶಿಕ್ಷಕರು ಆಂಧ್ರದ ಋಷಿವ್ಯಾಲಿಗೆ ಹೋಗಿ ಅಲ್ಲಿನ ಬಹುತರಗತಿ ಶಾಲೆಗಳನ್ನು ಕಣ್ಣಾರೆ ಕಂಡರು. ಮರಳಿ ಬಂದು ಕಲಿಕಾ ಏಣಿ, ಮೈಲುಗಲ್ಲು, ಕಾರ್ಡುಗಳನ್ನು ತಾವೇ ರೂಪಿಸಿದರು. ತಮ್ಮ ಶಾಲೆಯಲ್ಲಿ ಬಳಸಿ, ಮತ್ತೆ ಕೂಡಿ, ತಿದ್ದಿದರು. ಅಲ್ಲಿ ತರಬೇತಿ, ತರಗತಿ, ಮೇಲ್ವಿಚಾರಣೆ ಮೂರೂ ಒಂದೇ ಸುತ್ತಿನಲ್ಲಿದ್ದವು. ಅದಕ್ಕೇ ಅದು ಬದುಕಿತು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಕಾರ್ಡುಗಳು ಎಲ್ಲೆಡೆಗೆ ಹೋದವು. ಕೂಡಿ ತಿದ್ದುವ ಆ ಸುತ್ತು ಎಲ್ಲೆಡೆಗೆ ಹೋಗಲಿಲ್ಲ. ಹೋದ ಕಡೆ ನಲಿ-ಕಲಿ ಇಂದಿಗೂ ಜೀವಂತವಾಗಿದೆ.

ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯ (ಡಿಎಸ್ಇಆರ್‌ಟಿ) ಗುರುಚೇತನ ತರಬೇತಿ ಕಾರ್ಯಕ್ರಮ ಇನ್ನೊಂದು ಒಳ್ಳೆಯ ಹೆಜ್ಜೆ. ಯಾವ ತರಬೇತಿ ಬೇಕೆಂದು ಶಿಕ್ಷಕರೇ ಆರಿಸಿಕೊಳ್ಳಬಹುದು ಎಂಬ ತತ್ವವನ್ನು ಅದು ಒಪ್ಪಿತು. ತನಗೇನು ಬೇಕೆಂದು ಬಲ್ಲವರು ಶಿಕ್ಷಕರು ಎಂಬ ಗೌರವ ಅದರಲ್ಲಿದೆ. ತಿಂಗಳ ಸಮಾಲೋಚನಾ ಸಭೆಯೂ ನಮ್ಮಲ್ಲಿದೆ. ಸುತ್ತೋಲೆ ಓದುವ, ಮಾಹಿತಿ ಸಂಗ್ರಹಿಸುವ ಕೆಲಸದಿಂದ ಅದನ್ನು ಬಿಡಿಸಿದರೆ ಅದೇ ಅತ್ಯುತ್ತಮ ತರಬೇತಿ ಕೇಂದ್ರವಾಗಬಲ್ಲದು.

ಏನು ಮಾಡಬೇಕು

ನನ್ನ ಬೇಡಿಕೆಗಳು ನಾಲ್ಕು.

ಮೊದಲನೆಯದು, ತರಬೇತಿಯ ಪ್ರತಿ ಅನುದಾನದಲ್ಲೂ ಅನುಸರಣೆಗೆಂದು ಒಂದು ಪಾಲು ಕಡ್ಡಾಯವಾಗಿ ತೆಗೆದಿಡಬೇಕು. ಐದು ದಿನದ ತರಬೇತಿಗೆ ಅನುಮೋದನೆ ಕೊಡುವಾಗಲೇ, ಆ ಶಿಕ್ಷಕರ ತರಗತಿಗೆ ವರ್ಷದಲ್ಲಿ ಕನಿಷ್ಠ ಎರಡು ಭೇಟಿಯ ಖರ್ಚನ್ನೂ ಸೇರಿಸಬೇಕು. ಭೇಟಿ ಆಗದಿದ್ದರೆ ತರಬೇತಿ ಪೂರ್ಣವಾಗಿಲ್ಲ ಎಂದೇ ದಾಖಲಾಗಬೇಕು. ದಿನಗಳ ಸಂಖ್ಯೆ ಕಡಿಮೆಯಾದರೂ ಚಿಂತೆಯಿಲ್ಲ. ಹೊಸ ಶಿಕ್ಷಣ ನೀತಿ ವರ್ಷಕ್ಕೆ 50 ಗಂಟೆಯ ವೃತ್ತಿಪರ ಬೆಳವಣಿಗೆ ಬೇಕೆನ್ನುತ್ತದೆ. ಪಾಠ ನೋಡಿ ಮಾತಾಡಿದ ಗಂಟೆಗಳನ್ನೂ ಆ 50ರಲ್ಲಿ ಸೇರಿಸಲಿ.

ಎರಡನೆಯದು, ಡಯಟ್‌ಗಳಿಗೆ ಪ್ರತ್ಯೇಕ ಬೋಧಕ ವೃಂದ ಬೇಕು. ನಮ್ಮಲ್ಲಿ ಆಡಳಿತದ ಅಧಿಕಾರಿಗಳು ವರ್ಗವಾಗಿ ಡಯಟ್‌ಗೆ ಬರುತ್ತಾರೆ, ವರ್ಗವಾಗಿ ಹೋಗುತ್ತಾರೆ. ಅವರಲ್ಲಿ ಅತ್ಯುತ್ತಮರೂ ಇದ್ದಾರೆ. ಆದರೆ ಒಂದು ಜಿಲ್ಲೆಯ ಶಾಲೆಗಳನ್ನು ಅರಿಯಲು ವರ್ಷಗಳು ಬೇಕು. 2023-24ರ ಕೇಂದ್ರ ಬಜೆಟ್ ಡಯಟ್‌ಗಳನ್ನು ಉತ್ಕೃಷ್ಟ ಸಂಸ್ಥೆಗಳಾಗಿ ಬೆಳೆಸುವ ಮಾತು ಹೇಳಿತು. ಕಟ್ಟಡ, ಸ್ಮಾರ್ಟ್ ಬೋರ್ಡು ಬರಲಿ. ಅದಕ್ಕಿಂತ ಮೊದಲು ಖಾಲಿ ಹುದ್ದೆಗಳು ತುಂಬಲಿ, ಪ್ರಾಥಮಿಕ ತರಗತಿಯಲ್ಲಿ ಪಾಠ ಹೇಳಿ ಪಳಗಿದವರಿಗೆ ಅಲ್ಲಿ ಜಾಗ ಸಿಗಲಿ.

ಮೂರನೆಯದು, ಸಿಆರ್‌ಪಿ, ಬ್ಲಾಕ್ ಮಟ್ಟದ ಸಂಪನ್ಮೂಲ ವ್ಯಕ್ತಿಗಳಾದ ಬಿಆರ್‌ಪಿಗಳನ್ನು ಅಂಕಿಅಂಶ ತುಂಬುವ ಕೆಲಸದಿಂದ ಬಿಡಿಸಬೇಕು. ತರಗತಿಯಲ್ಲಿ ಕೂರಬೇಕಾದವರು ಬೈಕಿನ ಮೇಲೆ ಕೂತೇ ಆ್ಯಪ್‌ಗೆ ಮಾಹಿತಿ ತುಂಬುತ್ತ ದಿನ ಕಳೆಯುವುದು ಅವರಿಗೂ ಅನ್ಯಾಯ, ಶಾಲೆಗೂ ನಷ್ಟ. ಆ ಕೆಲಸಕ್ಕೆ ಕ್ಲಸ್ಟರಿಗೊಬ್ಬ ಗುಮಾಸ್ತರನ್ನು ಕೊಟ್ಟರೆ ಸಾಕು.

ನಾಲ್ಕನೆಯದು, ಶಿಕ್ಷಕರ ಅಭಿಪ್ರಾಯ ಮತ್ತು ಭೇಟಿಯ ಟಿಪ್ಪಣಿಗಳ ಸಾರಾಂಶ, ಯಾರ ಹೆಸರೂ ಇಲ್ಲದೆ, ಜಿಲ್ಲೆಯ ಮಟ್ಟದಲ್ಲಿ ಪ್ರಕಟವಾಗಬೇಕು. ಯಾವ ತರಬೇತಿಯಿಂದ ಏನು ಉಪಯೋಗವಾಯಿತು, ಯಾವುದು ನಿಲ್ಲಬೇಕು ಎಂದು ಅದರಲ್ಲಿ ಇರಬೇಕು. ಮುಂದಿನ ವರ್ಷದ ಕ್ರಿಯಾಯೋಜನೆ ಅದರ ಮೇಲೆ ನಿಲ್ಲಬೇಕು.

ಇಲ್ಲಿ ಎರಡು ಆಕ್ಷೇಪ ಬರುತ್ತವೆ. ಎಣಿಸಲಾಗದ್ದಕ್ಕೆ ಸರ್ಕಾರ ಹಣ ಕೊಡುವುದು ಹೇಗೆ ಎನ್ನುತ್ತಾರೆ ಹಣಕಾಸಿನವರು. ಅವರ ಪ್ರಶ್ನೆ ನ್ಯಾಯವಾದದ್ದೇ. ಸಾರ್ವಜನಿಕರ ಹಣಕ್ಕೆ ಲೆಕ್ಕ ಇರಲೇಬೇಕು. ಭೇಟಿಗಳನ್ನೂ, ಭೇಟಿಯ ನಂತರದ ಬದಲಾವಣೆಯನ್ನೂ ದಾಖಲಿಸಬಹುದು. ಆ ದಾಖಲೆಯನ್ನು ಶಿಕ್ಷಕರ ಸಂಬಳಕ್ಕೋ ಶಾಲೆಯ ಅನುದಾನಕ್ಕೋ ಜೋಡಿಸಬಾರದು, ಅಷ್ಟೇ. ಜೋಡಿಸಿದರೆ ಏನಾಗುತ್ತದೆಂದು ಹತ್ತೊಂಬತ್ತನೇ ಶತಮಾನವೇ ತೋರಿಸಿದೆ. ಇನ್ನೊಂದು ಆಕ್ಷೇಪ ಶಿಕ್ಷಕರದ್ದು: ಭೇಟಿಯ ಹೆಸರಿನಲ್ಲಿ ಮತ್ತೆ ತಪಾಸಣೆ, ಮತ್ತೆ ನೋಟಿಸ್ ಬರುತ್ತದೆ ಎಂಬ ಭಯ. ಇದಕ್ಕೂ ಕಾರಣಗಳಿವೆ. ಹಾಗಾಗಿ ನೆರವಿಗೆ ಬರುವವರ ಕೈಯಲ್ಲಿ ಶಿಸ್ತುಕ್ರಮದ ಅಧಿಕಾರ ಇರಬಾರದು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯ ತಪಾಸಣೆ ಬೇರೆ, ಡಯಟ್‌ನವರ ಭೇಟಿ ಬೇರೆ ಎಂಬ ಗೆರೆ ಸ್ಪಷ್ಟವಾಗಿರಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ನಿಮ್ಮ ಪಾಠವನ್ನು ಇನ್ನೊಬ್ಬರು ನೋಡಲು ಬಂದರೆ ಹೆದರಬೇಡಿ, ಕರೆಯಿರಿ. ಪಕ್ಕದ ತರಗತಿಯ ಹಿರಿಯರ ಪಾಠ ನೋಡಲು ನೀವೂ ಹೋಗಿ. ಇದಕ್ಕೆ ಯಾವ ಆದೇಶವೂ ಬೇಡ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿರುವ (ಎಸ್‌ಡಿಎಂಸಿ) ಪಾಲಕರಿಗೆ ಇನ್ನೊಂದು ಮಾತು. ಕಟ್ಟಡದ ಹಣ ಎಷ್ಟು ಬಂತು ಎಂದು ಕೇಳುವ ನೀವು, ನಮ್ಮ ಶಾಲೆಯ ಶಿಕ್ಷಕರಿಗೆ ಈ ವರ್ಷ ಯಾವ ನೆರವು ಬಂತು, ಯಾರು ಬಂದು ಪಾಠ ನೋಡಿದರು ಎಂದೂ ಕೇಳಿ. ಈ ಪ್ರಶ್ನೆ ಊರೂರಿನ ಸಭೆಯ ನಡಾವಳಿಯಲ್ಲಿ ದಾಖಲಾಗಿ ಜಿಲ್ಲೆಗೆ ಹೋದರೆ, ಜಿಲ್ಲೆಯ ಕ್ರಿಯಾಯೋಜನೆಯಲ್ಲಿ ಅದಕ್ಕೊಂದು ಸಾಲು, ಆ ಸಾಲಿನ ಮುಂದೆ ಒಂದು ಮೊತ್ತ ಬಂದೇ ಬರುತ್ತದೆ. ಆ ಸಾಲನ್ನು ಬರೆಸುವ ಹಕ್ಕು ನಮಗಿದೆ. ಅದನ್ನು ಬಳಸೋಣ.